ಕೀಪ್ಯಾಡ್ ಫೋನ್ ಬಿಡಲ್ಲ ಅನ್ನೋರಿಗೆ ಯಾವ ಕೆಲಸ ನಡೆಯುತ್ತೆ, ಯಾವುದು ನಡೆಯಲ್ಲ?

ಹೊಂಗೆಮರ
ಬ್ಯಾಂಕಿಗೆ ಹೋದರೆ "ಆ್ಯಪ್ ಹಾಕ್ಕೊಳ್ಳಿ", ಗ್ಯಾಸ್ ಏಜೆನ್ಸಿಗೆ ಹೋದರೆ "ಆ್ಯಪ್‌ನಲ್ಲೇ ಕೆವೈಸಿ ಮಾಡಿ", ಶಾಲೆಯಲ್ಲಿ "ವಾಟ್ಸಾಪ್ ಗ್ರೂಪಲ್ಲಿ ಇಲ್ವಾ ನೀವು?". ಮೊಬೈಲ್ ಅಂಗಡಿಯವರದ್ದಂತೂ "ಇನ್ನಾರು ತಿಂಗಳಿಗೆ ಈ ಸೆಟ್ ಬಂದ್ ಆಗುತ್ತೆ" ಅನ್ನೋ ಮಾತು. ಕೀಪ್ಯಾಡ್ ಫೋನ್ ಸಾಕು ಅಂತ ತೀರ್ಮಾನ ಮಾಡಿದವರಿಗೆ, ಅದರಲ್ಲೂ ವಯಸ್ಸಾದವರಿಗೆ, ಎಲ್ಲಾ ಕಡೆ ಇದೇ ಒತ್ತಡ. ಇದರಲ್ಲಿ ನಿಜ ಎಷ್ಟು, ಕೌಂಟರಿನವರ ಅನುಕೂಲ ಎಷ್ಟು? ಗೊತ್ತಿರುವವರು ಕೆಲಸ ಕೆಲಸವಾಗಿ ಬಿಡಿಸಿ ಹೇಳಿ. ಸ್ಮಾರ್ಟ್‌ಫೋನ್ ಒಳ್ಳೇದೋ ಕೆಟ್ಟದ್ದೋ ಅನ್ನೋ ಚರ್ಚೆ ಬೇಡ, ದಾರಿ ಬೇಕು.

ಸಂತೆಪೇಟೆ
ಯುಪಿಐ ಇಲ್ಲದೆ ಈಗ ಕೊತ್ತಂಬರಿ ಕಟ್ಟೂ ಸಿಗಲ್ಲ. ಏಳೆಂಟು ಸಾವಿರಕ್ಕೆ ಒಂದು ಸ್ಮಾರ್ಟ್‌ಫೋನ್ ಬರುತ್ತೆ, ತಗೊಂಡ್ರೆ ಮುಗೀತು.

ತಂತಿಜಾಲ
@ಸಂತೆಪೇಟೆ, ಯುಪಿಐಗೆ ಸ್ಮಾರ್ಟ್‌ಫೋನ್ ಬೇಕೇ ಬೇಕು ಅನ್ನೋದು ತಪ್ಪು. *99# ಎಷ್ಟೋ ವರ್ಷದಿಂದ ಇದೆ. ಇಂಟರ್ನೆಟ್ ಬೇಡ.

ಮೊದಲ ಸಲ ಮಾಡೋ ಕ್ರಮ: ಬ್ಯಾಂಕ್ ಖಾತೆಗೆ ಕೊಟ್ಟಿರೋ ನಂಬರಿನ ಸಿಮ್‌ನಿಂದಲೇ *99# ಡಯಲ್ ಮಾಡಿ. ಎರಡು ಸಿಮ್ ಇದ್ದರೆ ಯಾವುದರಿಂದ ಹೋಗ್ತಿದೆ ನೋಡ್ಕೊಳ್ಳಿ, ಬಹಳ ಜನ ಎಡವೋದು ಇಲ್ಲೇ. ಬ್ಯಾಂಕಿನ ಐಎಫ್‌ಎಸ್‌ಸಿ ಕೋಡಿನ ಮೊದಲ ನಾಲ್ಕು ಅಕ್ಷರ ಕೇಳುತ್ತೆ, ಹಾಕಿ. ಖಾತೆ ತೋರಿಸುತ್ತೆ, ಆರಿಸಿ. ಆಮೇಲೆ ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ ಮತ್ತು ಮೇಲೆ ಅಚ್ಚಾಗಿರೋ ಮುಕ್ತಾಯದ ತಿಂಗಳು-ವರ್ಷ. ಕೊನೆಗೆ ಯುಪಿಐ ಪಿನ್ ಇಡೋದು. ಮುಂದಿನ ಸಲದಿಂದ ಮೆನುವಿನಲ್ಲಿ 1 ಒತ್ತಿದರೆ ಹಣ ಕಳಿಸೋದು, 3 ಒತ್ತಿದರೆ ಬ್ಯಾಲೆನ್ಸ್. ಒಂದು ಸಲಕ್ಕೆ 5,000 ರೂಪಾಯಿವರೆಗೆ. ಇದಕ್ಕಿದ್ದ 50 ಪೈಸೆ ಶುಲ್ಕವನ್ನೂ 2022ರಲ್ಲಿ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ತೆಗೆದುಹಾಕಿತು.

ತೊಂದರೆ ಏನಂದ್ರೆ, ಪ್ರತಿ ಪರದೆಗೂ ಸ್ವಲ್ಪವೇ ಹೊತ್ತು ಕೊಡುತ್ತೆ. ನಂಬರ್ ಹುಡುಕ್ತಾ ಕೂತರೆ ಕಟ್ ಆಗಿ ಮೊದಲಿಂದ ಶುರು ಮಾಡಬೇಕು. ಕಳಿಸಬೇಕಾದ ನಂಬರು, ಮೊತ್ತ ಎರಡನ್ನೂ ಚೀಟಿಯಲ್ಲಿ ಬರೆದಿಟ್ಟುಕೊಂಡೇ ಡಯಲ್ ಮಾಡಿ. ಪಿನ್ ಮಾತ್ರ ಚೀಟಿಯಲ್ಲಿ ಬೇಡ.

ಸಂತೆಪೇಟೆ
ಜಿಯೋ ಸಿಮ್‌ನಲ್ಲಿ *99# ಹೊಡೆದು ನೋಡಿ ಮೊದಲು.

ತಂತಿಜಾಲ
ಸರಿಯಾದ ಮಾತು. *99# ಸಾಗೋದು ಹಳೇ ಜಿಎಸ್‌ಎಂ ಜಾಲದ ದಾರಿಯಲ್ಲಿ, ಜಿಯೋಗೆ 2ಜಿ ಜಾಲವೇ ಇಲ್ಲ. ಆ ಸಿಮ್ ಇರೋರಿಗೆ ಇನ್ನೊಂದು ದಾರಿ ಯುಪಿಐ 123ಪೇ. 2022ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ಶುರು ಮಾಡಿದ್ದು. 080 4516 3666ಕ್ಕೆ ಸಾಮಾನ್ಯ ಕರೆ ಮಾಡಿ, ಅದು ಹೇಳಿದಂಗೆ ಅಂಕಿ ಒತ್ತುತ್ತಾ ಹೋಗೋದು. ಧ್ವನಿ ಕರೆ ಆದ್ದರಿಂದ ಯಾವ ಕಂಪನಿಯ ಸಿಮ್ ಆದರೂ ಆಗುತ್ತೆ. ಮಿತಿ ಮೊದಲು 5,000 ಇತ್ತು, ಆಮೇಲೆ 10,000ಕ್ಕೆ ಏರಿಸಿದ್ರು.

ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ: ಆ ನಂಬರಿಗೆ ನಾವೇ ಕರೆ ಮಾಡಬೇಕು. "123ಪೇ ಕಡೆಯಿಂದ ಮಾತಾಡ್ತಿದ್ದೀವಿ, ಪಿನ್ ಒತ್ತಿ" ಅಂತ ಅಪರಿಚಿತ ಕರೆ ಬಂದರೆ ಇಟ್ಟುಬಿಡಿ.

ಘಟಪ್ರಭಾ
ಎಲ್ಲಾ ಖರೇ ಐತ್ರಿ, ಆದ್ರ ಡೆಬಿಟ್ ಕಾರ್ಡೇ ಇಲ್ದಾವ್ರು ಎಷ್ಟ್ ಮಂದಿ ಅದಾರ! ಪಾಸ್‌ಬುಕ್ ಒಂದ ಇರ್ತದ. ಅವ್ರಿಗೆ ಬ್ಯಾಂಕ್ ಮಿತ್ರನ (ಊರಾಗಿನ ಬ್ಯಾಂಕ್ ಏಜೆಂಟ್) ಕಡೆ ಹೆಬ್ಬೆಟ್ ಒತ್ತಿ ರೊಕ್ಕ ತಗೊಳ್ಳೋದ ಹಾದಿ. ಒಮ್ಮೆಗೆ ಹತ್ತ ಸಾವಿರ ತನಕ ಕೊಡ್ತಾರ. ಮಷೀನಿಂದ ಬರೋ ಚೀಟಿ ಇಸ್ಕೊಳ್ರಿ, ಇಸ್ಕೊಳ್ದ ಬರಬ್ಯಾಡ್ರಿ. "ಬೆರಳು ತಗೊಳ್ಳಿಲ್ಲ, ಇನ್ನೊಮ್ಮೆ ಒತ್ರಿ" ಅಂದ್ರ ಮೊದ್ಲ ಒತ್ತಿದ್ದು ಫೇಲ್ ಆಗೇತಿ ಅನ್ನೋ ಚೀಟಿ ಕೇಳ್ರಿ. ಇಲ್ಲಾಂದ್ರ ಎರಡು ಸಲ ರೊಕ್ಕ ಹೋಗ್ತದ, ಒಂದು ಸಲದ್ದು ಕೈಗೆ ಬರ್ತದ.

ಲೆಕ್ಕಪತ್ರ
@ಘಟಪ್ರಭಾ, ಇದಕ್ಕೇ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಡಿ ಅಂತಾರೆ, ಅಂದ್ರೆ ನೀವು ತೆರೆಯೋ ತನಕ ನಿಮ್ಮ ಬೆರಳಚ್ಚು ಎಲ್ಲೂ ನಡೆಯದಂತೆ ಮಾಡೋದು. ಆ್ಯಪ್ ಬೇಡ. ಆಧಾರ್‌ಗೆ ಜೋಡಿಸಿರೋ ನಂಬರಿನಿಂದ 1947ಕ್ಕೆ ಎಸ್ಸೆಮ್ಮೆಸ್ ಮೂಲಕವೇ ಮಾಡಬಹುದು. ಮೊದಲು ಇಂಗ್ಲಿಷ್ ದೊಡ್ಡಕ್ಷರದಲ್ಲಿ ಗೆಟ್‌ಒಟಿಪಿ ಅಂತ ಒಂದೇ ಪದವಾಗಿ ಬರೆದು, ಒಂದು ಜಾಗ ಬಿಟ್ಟು, ಆಧಾರ್‌ನ ಕೊನೆಯ ನಾಲ್ಕು ಅಂಕಿ ಹಾಕಿ ಕಳಿಸಿ. ಆರಂಕಿಯ ಒಟಿಪಿ ಬರುತ್ತೆ. ಆಮೇಲೆ ಲಾಕ್ ಮಾಡೋ ಎಸ್ಸೆಮ್ಮೆಸ್‌ನಲ್ಲಿ ಅದನ್ನ ಹಾಕಿ ಕಳಿಸೋದು. ಪದದ ಅಕ್ಷರ ಒಂದು ತಪ್ಪಿದರೂ ಆಗಲ್ಲ. ಲಾಕ್ ಮಾಡೋ ಪದ ಯಾವುದು ಅಂತ ಗೊಂದಲ ಆದರೆ ಅದೇ 1947ಕ್ಕೆ ಕರೆ ಮಾಡಿ ಕನ್ನಡದಲ್ಲೇ ಕೇಳಿ.

ಕರಾವಳಿಗ
ಲಾಕ್ ಮಾಡಿ ಅಂತ ಹೇಳುವಾಗ ಇನ್ನೊಂದೂ ಹೇಳಿ ಮಾರಾಯ್ರೆ. ಲಾಕ್ ಇದ್ದರೆ ನ್ಯಾಯಬೆಲೆ ಅಂಗಡಿಯ ಮಷೀನಿನಲ್ಲೂ ಬೆರಳು ತಗೊಳ್ಳುವುದಿಲ್ಲ! ಅಕ್ಕಿ ತರಲು ಹೋದವರು "ಬೆರಳು ಸವೆದಿದೆ" ಅಂತ ಹೇಳಿಸಿಕೊಂಡು ವಾಪಸು ಬರುವುದು ಉಂಟು, ನಿಜವಾದ ಕಾರಣ ಲಾಕ್. ರೇಷನ್‌ಗೆ ಹೋಗುವ ಮೊದಲು ತೆಗೆಯಬೇಕು, ಬಂದ ಮೇಲೆ ಪುನಃ ಹಾಕಬೇಕು.

ಲೆಕ್ಕಪತ್ರ
ಹೌದು, ಅದನ್ನ ಸೇರಿಸಬೇಕಿತ್ತು. ರೇಷನ್, ಪಿಂಚಣಿ ಎರಡಕ್ಕೂ ಬೆರಳು ಕೊಡೋರು ಇದನ್ನ ನೆನಪಿಡಿ.

ಬೆಸುಗೆ
ಕೀಪ್ಯಾಡ್ ಫೋನಿಗೆ "ಒಟಿಪಿ ಬರಲ್ಲ" ಅಂತ ದೂರು ಹೇಳೋರಲ್ಲಿ ಬಹಳಷ್ಟು ಜನರ ಇನ್‌ಬಾಕ್ಸ್ ತುಂಬಿರುತ್ತೆ. ಈ ಸೆಟ್‌ಗಳಲ್ಲಿ ಸಂದೇಶಕ್ಕೆ ಇರೋ ಜಾಗ ಕಮ್ಮಿ. ಕೆಲವು ಸಿಮ್ ಮೇಲೆ ಉಳಿಸಿಕೊಳ್ಳುತ್ತವೆ, ಸಿಮ್‌ನಲ್ಲಿ ಜಾಗ ಇನ್ನೂ ಕಮ್ಮಿ. ತುಂಬಿದ ಮೇಲೆ ಹೊಸದು ಒಳಗೆ ಬರೋದಿಲ್ಲ, ಮೇಲ್ಗಡೆ ಲಕೋಟೆ ಗುರುತು ಮಿನುಗ್ತಾ ಇರುತ್ತೆ ಅಷ್ಟೆ. ಅದನ್ನ ನೋಡಿ ಬ್ಯಾಂಕಿನವರು "ಈ ಫೋನ್ ಆಗಲ್ಲ, ಬದಲಾಯಿಸಿ" ಅಂತಾರೆ. ಫೋನ್ ಸರಿ ಇದೆ, ಡಿಲೀಟ್ ಮಾಡಿದರೆ ಸಾಕು.

ಮಾಡಬೇಕಾದ್ದು: ಮೆಸೇಜ್ ಸೆಟ್ಟಿಂಗ್‌ನಲ್ಲಿ ಉಳಿಸೋ ಜಾಗವನ್ನ ಸಿಮ್‌ನಿಂದ ಫೋನಿಗೆ ಬದಲಿಸಿ. ತಿಂಗಳಿಗೊಮ್ಮೆ ಇನ್‌ಬಾಕ್ಸ್ ಪೂರ್ತಿ ಅಳಿಸಿ. ಜಾಹೀರಾತು ಸಂದೇಶದಿಂದ ಜಾಗ ತುಂಬೋದು ತಪ್ಪಬೇಕಂದ್ರೆ 1909ಕ್ಕೆ ಕರೆ ಮಾಡಿ ಡಿಎನ್‌ಡಿ ಹಾಕಿಸಿ.

ತಂತಿಜಾಲ
ಸಂದೇಶದ ಮಾತು ಬಂತು, ಹೇಳಿಬಿಡ್ತೀನಿ. ಕೀಪ್ಯಾಡ್ ಇರೋರಿಗೆ ಎಸ್ಸೆಮ್ಮೆಸ್ಸೇ ಪಾಸ್‌ಬುಕ್ ಇದ್ದಂಗೆ, ಅದನ್ನ ಓದೋದು ಕಲಿಯಬೇಕು. 2025ರ ಮೇ ತಿಂಗಳಿಂದ ಕಂಪನಿ, ಬ್ಯಾಂಕುಗಳ ಸಂದೇಶ ಕಳಿಸಿದವರ ಹೆಸರಿನ ಕೊನೆಗೆ ಒಂದು ಅಡ್ಡಗೆರೆ, ಅದರ ಮುಂದೆ ಒಂದು ಇಂಗ್ಲಿಷ್ ಅಕ್ಷರ ಇರುತ್ತೆ. ಟಿ ಇದ್ದರೆ ಹಣದ ವಹಿವಾಟು, ಒಟಿಪಿ ಇತ್ಯಾದಿ. ಎಸ್ ಇದ್ದರೆ ಸೇವೆ, ಜಿ ಇದ್ದರೆ ಸರ್ಕಾರ, ಪಿ ಇದ್ದರೆ ಜಾಹೀರಾತು. "ನಿಮ್ಮ ಖಾತೆಗೆ 5,000 ಜಮಾ ಆಗಿದೆ" ಅಂತ ಹತ್ತಂಕಿ ಮೊಬೈಲ್ ನಂಬರಿನಿಂದ ಸಂದೇಶ, ಹಿಂದೆಯೇ "ಅಯ್ಯೋ ತಪ್ಪಾಗಿ ನಿಮಗೆ ಬಂದುಬಿಡ್ತು, ವಾಪಸ್ ಹಾಕಿ" ಅಂತ ಕರೆ ಬಂದರೆ ಅದು ಮೋಸ. ಜಮಾ ಆಗಿರೋದೇ ಇಲ್ಲ. ಎಸ್‌ಬಿಐ ಆದರೆ 09223766666ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಬ್ಯಾಲೆನ್ಸ್ ಬರುತ್ತೆ, ಅದನ್ನ ನೋಡಿ ಮಾತಾಡಿ. ಈ ಸೇವೆಗೆ ಒಂದು ಸಲ ನಂಬರ್ ನೋಂದಾಯಿಸಬೇಕು, ಶಾಖೆಯಲ್ಲಿ ಕೇಳಿದರೆ ಮಾಡಿಕೊಡ್ತಾರೆ.

ಹಳೇಸೇತುವೆ
ಕೀಪ್ಯಾಡ್ ಇದ್ದರೆ ಮೋಸ ಆಗಲ್ಲ ಬಿಡಿ, ಅದೇ ದೊಡ್ಡ ಲಾಭ.

ಲೆಕ್ಕಪತ್ರ
@ಹಳೇಸೇತುವೆ, ಅರ್ಧ ಸರಿ. ಮದುವೆ ಕರೆಯೋಲೆ ಅಂತ ವಾಟ್ಸಾಪ್‌ನಲ್ಲಿ ಬರೋ ಎಪಿಕೆ (ಆ್ಯಪ್ ಅಳವಡಿಸೋ) ಫೈಲು, ಪರದೆ ಹಂಚಿಕೊಳ್ಳೋ ಆ್ಯಪ್, ಸಾಲದ ಆ್ಯಪ್, ಇವ್ಯಾವೂ ಕೀಪ್ಯಾಡ್ ಸೆಟ್‌ನಲ್ಲಿ ನಡೆಯಲ್ಲ. ಆದರೆ ಫೋನಲ್ಲಿ ಒಟಿಪಿ ಕೇಳಿ ಪಡೆಯೋದು, ನಿಮ್ಮ ಹೆಸರಲ್ಲಿ ಡುಪ್ಲಿಕೇಟ್ ಸಿಮ್ ತೆಗೆಯೋದು ಎಲ್ಲಾ ಫೋನಿಗೂ ಒಂದೇ. "*401* ಒತ್ತಿ ಈ ನಂಬರ್ ಹಾಕಿ, ನಿಮ್ಮ ನೆಟ್‌ವರ್ಕ್ ಸರಿಯಾಗುತ್ತೆ" ಅನ್ನೋದು ಕೀಪ್ಯಾಡ್‌ನಲ್ಲೂ ಕೆಲಸ ಮಾಡುವ ಮೋಸ. ಒತ್ತಿದರೆ ನಿಮ್ಮ ಕರೆಗಳೆಲ್ಲಾ ಅವರ ಫೋನಿಗೆ ತಿರುಗಬಹುದು. ಹಣ ಹೋಯ್ತು ಅಂತ ಗೊತ್ತಾದ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ, ಆಮೇಲೆ ಬ್ಯಾಂಕಿಗೆ ಲಿಖಿತ ದೂರು. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಅನ್ನುವಂಥ ಪ್ರಕರಣದಲ್ಲಿ ಮೂರು ಕೆಲಸದ ದಿನದೊಳಗೆ ತಿಳಿಸಿದ್ದರೆ ಗ್ರಾಹಕರ ಮೇಲೆ ಹೊಣೆ ಇಲ್ಲ ಅಂತ ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳಿತ್ತು. ನೀವೇ ಒಟಿಪಿ ಹೇಳಿದ್ದರೆ ಆ ರಕ್ಷಣೆ ಸಿಗಲ್ಲ.

ಮೂರನೇಬೆಂಚು
ವಾಟ್ಸಾಪ್ ಗತಿ ಏನು? ಶಾಲೆಯ ಹೋಂವರ್ಕ್, ಅಪಾರ್ಟ್‌ಮೆಂಟಿನ ನೀರಿನ ನೋಟೀಸು ಎಲ್ಲಾ ಅಲ್ಲೇ.

ಹಳೇಸೇತುವೆ
ಜಿಯೋಫೋನ್‌ನಲ್ಲಿ ವಾಟ್ಸಾಪ್ ಬರುತ್ತಲ್ಲ.

ತಂತಿಜಾಲ
ಬರ್ತಿತ್ತು. ಜಿಯೋಫೋನ್‌ನಂಥ ಕೈಓಎಸ್ (ಕೀಪ್ಯಾಡ್ ಫೋನ್ ನಡೆಸೋ ತಂತ್ರಾಂಶ) ಸೆಟ್‌ಗಳಿಗೆ 2018ರಲ್ಲಿ ಕೊಟ್ಟರು, 2025ರಲ್ಲಿ ನಿಲ್ಲಿಸಿದರು. ಈಗ ಅದನ್ನ ನಂಬಿ ಹಳೇ ಜಿಯೋಫೋನ್ ಕೊಳ್ಳಬೇಡಿ, ಅಂಗಡಿಯವರು "ಬರುತ್ತೆ" ಅಂತ ಹೇಳಿದರೂ ಸರಿ.

ಬೇರೆ ದಾರಿ: ಮನೆಯಲ್ಲಿ ಒಂದು ಹಳೇ ಸ್ಮಾರ್ಟ್‌ಫೋನೋ ಟ್ಯಾಬೋ ವೈಫೈಗೆ ಹಾಕಿಡೋದು. ವಾಟ್ಸಾಪ್ ನೋಂದಣಿಗೆ ಕೀಪ್ಯಾಡ್‌ನಲ್ಲಿರೋ ನಂಬರನ್ನೇ ಕೊಡೋದು. ಕೋಡ್ ಕೀಪ್ಯಾಡಿಗೆ ಬರುತ್ತೆ, ಎಸ್ಸೆಮ್ಮೆಸ್ ಬರದಿದ್ದರೆ ಕರೆ ಮಾಡಿ ಹೇಳೋ ಆಯ್ಕೆ ಇದೆ. ಅದನ್ನ ಟ್ಯಾಬ್‌ನಲ್ಲಿ ಹಾಕಿದರೆ ಮುಗೀತು. ಟ್ಯಾಬ್ ಮನೆಯ ಗೋಡೆ ಫೋನಿನ ಥರ ಒಂದೇ ಕಡೆ ಇರುತ್ತೆ, ಕೀಪ್ಯಾಡ್ ಜೇಬಿನಲ್ಲಿರುತ್ತೆ.

ಲೆಕ್ಕಪತ್ರ
@ತಂತಿಜಾಲ, ಈ ಉಪಾಯ ಎಷ್ಟು ದಿನ ನಡೆಯುತ್ತೋ ನೋಡಬೇಕು. 2025ರ ನವೆಂಬರ್ 28ಕ್ಕೆ ದೂರಸಂಪರ್ಕ ಇಲಾಖೆ ಒಂದು ಆದೇಶ ಹೊರಡಿಸಿದೆ: ನೋಂದಣಿ ಮಾಡಿದ ಸಿಮ್ ಆ ಸಾಧನದಲ್ಲೇ ಇರಬೇಕು, ವೆಬ್ ಆವೃತ್ತಿ ಆರು ಗಂಟೆಗೊಮ್ಮೆ ತಾನಾಗಿ ಲಾಗೌಟ್ ಆಗಬೇಕು ಅಂತ. ಅದು ಪೂರ್ತಿ ಜಾರಿಯಾದ ಕಡೆ ಸಿಮ್ ಒಂದು ಸೆಟ್‌ನಲ್ಲಿ, ವಾಟ್ಸಾಪ್ ಇನ್ನೊಂದರಲ್ಲಿ ಅನ್ನೋ ಏರ್ಪಾಡು ಮುರಿದು ಬೀಳುತ್ತೆ. ಈಗಲೇ ಹೊಸದಾಗಿ ಮಾಡೋರು ಇದನ್ನೇ ನೆಚ್ಚಿಕೊಂಡು ಟ್ಯಾಬ್ ಕೊಳ್ಳಬೇಡಿ. ಮನೆಯಲ್ಲಿ ಯಾರ ಹತ್ರ ಸ್ಮಾರ್ಟ್‌ಫೋನ್ ಇದೆಯೋ ಅವರ ನಂಬರ್ ಗ್ರೂಪಿಗೆ ಕೊಡಿ.

ಮೂರನೇಬೆಂಚು
ಒಂಟಿ ಇರೋರಿಗೆ ಅದೂ ಇಲ್ಲ.

ಕರಾವಳಿಗ
ಶಾಲೆಗೆ ಒಂದು ಪತ್ರ ಬರೆದು ಕೊಡಿ, "ತುರ್ತು ವಿಷಯ ಎಸ್ಸೆಮ್ಮೆಸ್ ಅಥವಾ ಡೈರಿಯಲ್ಲಿ ತಿಳಿಸಿ" ಅಂತ. ಸ್ವೀಕೃತಿಗೆ ಇನ್ನೊಂದು ಪ್ರತಿಯಲ್ಲಿ ಸೀಲು ಹಾಕಿಸಿಕೊಳ್ಳಿ. ಬಾಯಲ್ಲಿ ಹೇಳಿದರೆ ಯಾರೂ ಲೆಕ್ಕಕ್ಕೆ ಇಡುವುದಿಲ್ಲ, ಕಾಗದ ಕೊಟ್ಟರೆ ಇಡುತ್ತಾರೆ.

ಎಸ್ಸೆಮ್ಮೆಸ್ ಕನ್ನಡದಲ್ಲಿ ಕಳಿಸಿ ಅಂತಲೂ ಕೇಳಬಹುದು, ಆದರೆ ಲೆಕ್ಕ ಗೊತ್ತಿರಲಿ. ಇಂಗ್ಲಿಷ್ ಆದರೆ ಒಂದು ಸಂದೇಶಕ್ಕೆ 160 ಅಕ್ಷರ, ಕನ್ನಡ ಆದರೆ 70. ಒತ್ತು, ಕಾಗುಣಿತದ ಗುರುತು ಒಂದೊಂದೂ ಬೇರೆ ಬೇರೆ ಎಣಿಕೆ ಆಗುವುದರಿಂದ "ಸ್ತ್ರೀ" ಎನ್ನುವ ಒಂದೇ ಅಕ್ಷರಕ್ಕೆ ಆರು ಖರ್ಚು.

ಹೊಂಗೆಮರ
ಕೆಲವು ಸೆಟ್‌ನಲ್ಲಿ ಕನ್ನಡ ಸಂದೇಶ ಬರೀ ಚೌಕ ಚೌಕವಾಗಿ ಕಾಣುತ್ತಲ್ಲ, ಅದಕ್ಕೆ ಏನಾದರೂ ಮಾಡಬಹುದಾ?

ಬೆಸುಗೆ
ಹಳೇ ಸೆಟ್‌ನಲ್ಲಿ ಆಗಲ್ಲ, ಒಳಗೆ ಅಕ್ಷರವೇ ಇರಲ್ಲ. ಇಲ್ಲಿ ಮಾರೋ ಫೋನುಗಳಲ್ಲಿ 22 ಭಾರತೀಯ ಭಾಷೆಗಳ ಸಂದೇಶ ಓದೋಕೆ ಬರಬೇಕು ಅಂತ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಮಾನಕ ಕಡ್ಡಾಯ ಆದಮೇಲೆ ತಯಾರಾದ ಸೆಟ್ ಆದರೆ ತೊಂದರೆ ಇರಬಾರದು. ಕೊಳ್ಳೋ ಮುಂಚೆ ಅಂಗಡಿಯಲ್ಲೇ ನಿಮ್ಮ ಸಿಮ್ ಹಾಕಿ, ಬೇರೆ ಫೋನಿಂದ ಒಂದು ಕನ್ನಡ ಸಂದೇಶ ಕಳಿಸಿ ನೋಡಿ. ಹಾಗೇ 5 ಅಥವಾ 9ನ್ನ ಉದ್ದಕ್ಕೆ ಒತ್ತಿ ಹಿಡಿದರೆ 112ಕ್ಕೆ ಹೋಗೋ ತುರ್ತು ಕರೆ ಇದೆಯಾ ಅಂತ ಬಾಕ್ಸ್ ಮೇಲೆ, ಕೈಪಿಡಿಯಲ್ಲಿ ನೋಡಿ. ಆ ಅಂಕಿಗೆ ಸ್ಪೀಡ್ ಡಯಲ್ ಇಡಬೇಡಿ.

ಸಂತೆಪೇಟೆ
ಸರಿ, ಯುಪಿಐ ವಿಷಯ ಒಪ್ಪಿದೆ. ಆದರೆ ರೀಚಾರ್ಜ್? ಬಳಸದ ಡೇಟಾಕ್ಕೂ ದುಡ್ಡು ಕೊಡೋದಾದರೆ ಸ್ಮಾರ್ಟ್‌ಫೋನೇ ವಾಸಿ ಅಲ್ವಾ?

ಲೆಕ್ಕಪತ್ರ
ಕೊಡಬೇಕಾಗಿಲ್ಲ. ಬರೀ ಕರೆ ಮತ್ತು ಎಸ್ಸೆಮ್ಮೆಸ್‌ಗೆ ಬೇರೆ ಪ್ಯಾಕ್ ಇರಲೇಬೇಕು ಅಂತ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ಮಾಡಿತು, ಮರುತಿಂಗಳೇ ಬಂದವು. 2025ರ ಜನವರಿ ಕೊನೆಗೆ ಏರ್‌ಟೆಲ್‌ದು 84 ದಿನಕ್ಕೆ 469 ರೂಪಾಯಿ, 900 ಎಸ್ಸೆಮ್ಮೆಸ್. ವರ್ಷಕ್ಕೆ 1,849. ಜಿಯೋದು 84 ದಿನಕ್ಕೆ 448, 336 ದಿನಕ್ಕೆ 1,748. ದರ ಆಗಾಗ ಬದಲಾಗುತ್ತೆ, ಹಾಗಾಗಿ ಮೊತ್ತ ಹೇಳಬೇಡಿ. "ಡೇಟಾ ಇಲ್ಲದ, ಬರೀ ವಾಯ್ಸ್ ಪ್ಯಾಕ್" ಅಂತಲೇ ಕೇಳಿ. ಅಂಗಡಿಯ ರೀಚಾರ್ಜ್ ಆ್ಯಪ್‌ನಲ್ಲಿ ಇದು ಪಟ್ಟಿಯ ತೀರಾ ಕೆಳಗಿರುತ್ತೆ, "ಇಲ್ಲ" ಅನ್ನೋರು ಕೆಳಗಿನವರೆಗೆ ನೋಡಿರೋದಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ: "ಸಿಮ್ ಬ್ಯಾಲೆನ್ಸ್‌ನಲ್ಲಿ 20 ರೂಪಾಯಿ ಇದ್ದರೆ ಸಿಮ್ ನಡೀತಾನೇ ಇರುತ್ತೆ" ಅನ್ನೋದು. 90 ದಿನ ಬಳಸದಿದ್ದಾಗ ನಂಬರು ಬೇರೆಯವರ ಪಾಲಾಗದಂತೆ ಆ 20 ರೂಪಾಯಿ ಕಾಯುತ್ತೆ, ಅಷ್ಟೇ. ಪ್ಯಾಕ್ ಮುಗಿದ ಮೇಲೆ ಒಳಬರೋ ಕರೆ, ಒಟಿಪಿ ನಿಲ್ಲಬಹುದು. ಬ್ಯಾಂಕಿಗೆ ಕೊಟ್ಟ ನಂಬರಿಗೆ ಪ್ಯಾಕ್ ತಪ್ಪಿಸಬೇಡಿ.

ಘಟಪ್ರಭಾ
ಗ್ಯಾಸ್ ಬುಕ್ಕಿಂಗ್‌ಗೂ ಆ್ಯಪ್ ಬ್ಯಾಡ್ರಿ. ಇಂಡೇನ್ ಇದ್ರ 8454955555ಕ್ಕ ಮಿಸ್ಡ್ ಕಾಲ್, ಎಚ್‌ಪಿ ಇದ್ರ 9493602222, ಭಾರತ್ ಗ್ಯಾಸ್ ಇದ್ರ 7710955555. ಏಜೆನ್ಸ್ಯಾಗ ಬರೆಸಿದ ನಂಬರಿಂದನ ಮಾಡಬೇಕು. ಸಿಲಿಂಡರ್ ತಂದಾಗ ಕೇಳೋ ಕೋಡ್ ಎಸ್ಸೆಮ್ಮೆಸ್‌ನ್ಯಾಗ ಬರ್ತದ. ಅದನ್ನ ಸಿಲಿಂಡರ್ ಮನಿ ಮುಂದ ಇಳಿಸಿದ ಮ್ಯಾಲೇ ಹೇಳ್ರಿ. ಕೆವೈಸಿಗೆ ಏಜೆನ್ಸ್ಯಾಗ ಬೆರಳಚ್ಚಿನ ಮಷೀನ್ ಇರ್ತದ, ಆಧಾರ್ ಒಯ್ದು ಕುಂಡ್ರೂದು. "ಆ್ಯಪ್‌ನ್ಯಾಗ ಮಾಡ್ರಿ" ಅಂದ್ರ "ನಮ್ಮಂತ್ಯಾಕ ಇಲ್ಲ, ಇಲ್ಲೇ ಮಾಡ್ರಿ" ಅನ್ರಿ.

ಪಿಎಂ ಕಿಸಾನ್ ಇ-ಕೆವೈಸೀನೂ ಅಷ್ಟ, ಸಿಎಸ್‌ಸಿ (ಊರಾಗಿನ ಸರ್ಕಾರಿ ಸೇವಾ) ಸೆಂಟರ್‌ನ್ಯಾಗ ಬೆರಳು ಕೊಟ್ರ ಆಗ್ತದ. ಬೆಳಿ ಸಮೀಕ್ಷೆ ಮಾತ್ರ ಫೋಟೋ ಬೇಕಾಗೇದ, ಕೀಪ್ಯಾಡ್‌ನ್ಯಾಗ ಆಗಂಗಿಲ್ಲ. ಸಮೀಕ್ಷೆಗಂತ ಊರಿಗೆ ನೇಮಿಸಿದ ಮನಷ್ಯಾ, "ಖಾಸಗಿ ನಿವಾಸಿ" ಅಂತಾರ, ಬಂದು ಮಾಡ್ತಾನ, ಆದ್ರ ಅವನು ಹೊಲಕ್ಕ ಬಂದ್ ಹೋದ್ನೋ, ಏನ್ ಬೆಳಿ ಬರ್ದಾನೋ ಅಂತ ರೈತ ಸಂಪರ್ಕ ಕೇಂದ್ರಕ್ಕ ಹೋಗಿ ನೋಡಿ ಬರ್ರಿ. ತೊಗರಿ ಹಾಕಿದ ಹೊಲಕ್ಕ ಹತ್ತಿ ಅಂತ ಬಿದ್ರ ವಿಮಾ, ಪರಿಹಾರ ಎರಡೂ ಕೈ ತಪ್ಪತಾವ. ಆಕ್ಷೇಪಣೆಗೆ ಕೊಟ್ಟ ದಿನಾ ಮುಗಿಯೂದ್ರೊಳಗ ಹೋಗ್ರಿ.

ಮೂರನೇಬೆಂಚು
ಆಫೀಸಿನವರದ್ದೂ ಇದೇ ಕಾಟ. ಲಾಗಿನ್‌ಗೆ ಅಥೆಂಟಿಕೇಟರ್ ಆ್ಯಪ್ ಕಡ್ಡಾಯ ಅಂತಾರೆ.

ತಂತಿಜಾಲ
ಆ ಆ್ಯಪ್ ತೋರಿಸೋ ಆರಂಕಿ ಕೋಡ್ ಹುಟ್ಟೋದು ಒಂದು ಗುಪ್ತ ಕೀ ಮತ್ತು ಗಡಿಯಾರದ ಹೊತ್ತು ಸೇರಿ, 30 ಸೆಕೆಂಡಿಗೊಮ್ಮೆ. ಅದಕ್ಕೆ ಫೋನೇ ಬೇಕು ಅಂತಿಲ್ಲ. ಕೀಪಾಸ್‌ಎಕ್ಸ್‌ಸಿ ಅನ್ನೋ ಉಚಿತ ತಂತ್ರಾಂಶ ಕಂಪ್ಯೂಟರಲ್ಲೇ ಈ ಕೋಡ್ ಕೊಡುತ್ತೆ. ಕ್ಯೂಆರ್ ಕೋಡ್ ಜೊತೆಗೆ ಸಾಮಾನ್ಯವಾಗಿ "ಸ್ಕ್ಯಾನ್ ಆಗುತ್ತಿಲ್ಲವೇ" ಅನ್ನೋ ಕೊಂಡಿ ಇರುತ್ತೆ, ಒತ್ತಿದರೆ ಆ ಕೀ ಅಕ್ಷರದಲ್ಲಿ ಸಿಗುತ್ತೆ, ಅದನ್ನ ಅಂಟಿಸಿ. ಕಂಪ್ಯೂಟರ್ ಗಡಿಯಾರ ಒಂದೆರಡು ನಿಮಿಷ ಆಚೀಚೆ ಇದ್ದರೆ ಕೋಡ್ ತಪ್ಪಾಗುತ್ತೆ. ಜಿಮೇಲ್ ಆದರೆ ಎಂಟಂಕಿಯ ಹತ್ತು ಬ್ಯಾಕಪ್ ಕೋಡ್ ಮುದ್ರಿಸಿಟ್ಟುಕೊಳ್ಳಬಹುದು, ಒಂದೊಂದೂ ಒಂದೇ ಸಲಕ್ಕೆ. "ಅನುಮತಿಸಿ" ಅಂತ ಫೋನ್ ಪರದೆಯಲ್ಲೇ ಒತ್ತಿಸೋ ಥರದ ಆ್ಯಪ್ ಇದ್ದರೆ ಮಾತ್ರ ಇದು ನಡೆಯಲ್ಲ, ಐಟಿ ವಿಭಾಗಕ್ಕೆ ಯುಎಸ್‌ಬಿ ಕೀ (ಕಂಪ್ಯೂಟರಿಗೆ ಸಿಕ್ಕಿಸೋ ಲಾಗಿನ್ ಸಾಧನ) ಕೇಳಿ.

ಕರಾವಳಿಗ
ರೈಲಿಗೂ ಭಯ ಬೇಡ. ಯಾರಾದರೂ ಆನ್‌ಲೈನ್ ಬುಕ್ ಮಾಡಿ ನಿಮ್ಮ ನಂಬರ್ ಕೊಟ್ಟರೆ, ಐಆರ್‌ಸಿಟಿಸಿಯಿಂದ ಬಂದ ಎಸ್ಸೆಮ್ಮೆಸ್ ಮತ್ತು ಅಸಲಿ ಗುರುತಿನ ಚೀಟಿ ಸಾಕು. ಬೇರೆಯವರು ಟೈಪ್ ಮಾಡಿ ಕಳಿಸಿದ ಸಂದೇಶ ಆಗುವುದಿಲ್ಲ. ಪಿಎನ್‌ಆರ್ ವಿಚಾರಿಸಲು 139. ನಮ್ಮ ಮೆಟ್ರೋದಲ್ಲಿ ಟೋಕನ್, ಕಾರ್ಡ್ ಎರಡೂ ಉಂಟು. ಶಕ್ತಿ ಯೋಜನೆಯ ಬಸ್ಸಿಗೆ ಕಾರ್ಡ್ ರೂಪದ ಆಧಾರ್ ತೋರಿಸಿದರೆ ಆಯಿತು.

ಹಳೇಸೇತುವೆ
ಎಲ್ಲಾ ಸರಿ, ಸೆಟ್ ಕೆಟ್ಟರೆ ಯಾವುದು ಕೊಳ್ಳೋದು? 2ಜಿ ಸೆಟ್ ಸಾವಿರದ ಒಳಗೇ ಸಿಗುತ್ತೆ.

ಬೆಸುಗೆ
ಹೊಸದು ಕೊಳ್ಳೋದಾದರೆ 4ಜಿ ವೋಲ್ಟಿ (4ಜಿ ಜಾಲದಲ್ಲೇ ಕರೆ ಸಾಗೋ ವ್ಯವಸ್ಥೆ) ಇರೋ ಕೀಪ್ಯಾಡ್ ಸೆಟ್ಟೇ ತಗೊಳ್ಳಿ. 2ಜಿ ಸೆಟ್‌ಗೆ ಏರ್‌ಟೆಲ್, ವಿಐ, ಬಿಎಸ್ಎನ್ಎಲ್ ಮಾತ್ರ, ಜಿಯೋ ಬರಲ್ಲ. ಜಿಯೋಭಾರತ್ ಸೆಟ್ ಅಗ್ಗ, ಆದರೆ ಜಿಯೋ ಸಿಮ್ ಬಿಟ್ಟು ಬೇರೆ ನಡೆಯಲ್ಲ, ಆಮೇಲೆ ಕಂಪನಿ ಬದಲಿಸಬೇಕಂದ್ರೆ ಸೆಟ್ಟೇ ಬದಲಿಸಬೇಕು.

ಸಿಮ್ ಬಗ್ಗೆ ಒಂದು ಎಚ್ಚರಿಕೆ. ನ್ಯಾನೋ ಸಿಮ್‌ನ ಪ್ಲಾಸ್ಟಿಕ್ ಅಡಾಪ್ಟರ್‌ನಲ್ಲಿ ಕೂರಿಸಿ ದೊಡ್ಡ ಸ್ಲಾಟ್‌ಗೆ ತಳ್ತಾರೆ. ತೆಗೆಯುವಾಗ ನ್ಯಾನೋ ಸಿಮ್ ಒಳಗೇ ಉಳಿದು ಖಾಲಿ ಅಡಾಪ್ಟರ್ ಹೊರಗೆ ಬಂದರೆ ಅದರ ಅಂಚು ಸ್ಲಾಟಿನ ಪಿನ್ನುಗಳನ್ನ ಎತ್ತಿ ಮುರಿಯುತ್ತೆ. ಅಡಾಪ್ಟರ್ ಹಿಂಬದಿಗೆ ತೆಳು ಟೇಪ್ ಅಂಟಿಸಿಯೇ ಹಾಕಿ.

ಹೊಂಗೆಮರ
ಹಳೇ ಸೆಟ್ಟೇ ಉಳಿಸಿಕೊಳ್ಳಬೇಕು ಅನ್ನೋರಿಗೆ? ಬ್ಯಾಟರಿ ಬೇಗ ಇಳಿಯುತ್ತೆ, 2 ಮತ್ತು 5 ಗಟ್ಟಿಯಾಗಿ ಒತ್ತಿದರೆ ಮಾತ್ರ ಹತ್ತುತ್ತೆ ಅನ್ನೋ ದೂರು ಬಹಳ ಇದೆ.

ಬೆಸುಗೆ
ಎರಡೂ ರಿಪೇರಿ ಆಗೋವೇ. ಬ್ಯಾಟರಿ ತೆಗೆದು ಸಮತಟ್ಟು ಟೇಬಲ್ ಮೇಲಿಟ್ಟು ಬೆರಳಿಂದ ತಿರುಗಿಸಿ. ಬುಗುರಿ ಥರ ಸುತ್ತಿದರೆ ಊದಿದೆ ಅಂತ ಅರ್ಥ, ಅದನ್ನ ಮತ್ತೆ ಚಾರ್ಜಿಗೆ ಹಾಕಬೇಡಿ. ಬಿಎಲ್-5ಸಿ ಗಾತ್ರದ ಅಸಲಿ ಬ್ಯಾಟರಿ ಸುಮಾರು 1,020 ಎಂಎಎಚ್. ಅದೇ ಗಾತ್ರದ್ದಕ್ಕೆ 2,500 ಅಂತ ಅಚ್ಚು ಹಾಕಿದ್ದರೆ ಸುಳ್ಳು, ಬಿಐಎಸ್ ಗುರುತು ನೋಡಿ ತಗೊಳ್ಳಿ.

ಕೀಪ್ಯಾಡ್ ರಬ್ಬರಿನ ಕೆಳಗೆ ಸಣ್ಣ ಲೋಹದ ಬಟ್ಟಲುಗಳಿರೋ ಒಂದು ಸ್ಟಿಕ್ಕರ್ ಇರುತ್ತೆ. ಬೆವರು, ಧೂಳು ಕೂತರೆ ಸಂಪರ್ಕ ಸಿಗಲ್ಲ. ಬ್ಯಾಟರಿ ತೆಗೆದು ಸೆಟ್ ಬಿಚ್ಚಿ, ಸ್ಟಿಕ್ಕರ್ ಒಂದು ಮೂಲೆಯಿಂದ ನಿಧಾನ ಎತ್ತಿ, ಬೋರ್ಡಿನ ಚಿನ್ನದ ಬಣ್ಣದ ಉಂಗುರಗಳನ್ನ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿದ ಹತ್ತಿಕಡ್ಡಿಯಿಂದ ಒರೆಸಿ. ಉಪ್ಪುಕಾಗದದಿಂದ ಉಜ್ಜಬೇಡಿ, ಮೇಲಿನ ಲೇಪ ಹೋದರೆ ಮತ್ತೆ ಬೇಗ ಕಪ್ಪಾಗುತ್ತೆ. ಚೆನ್ನಾಗಿ ಒಣಗಿಸಿ ಅಂಟಿಸಿ. ಬಟ್ಟಲು ಒತ್ತಿದಾಗ ಟಿಕ್ ಅನ್ನದಿದ್ದರೆ ಸವೆದಿದೆ, ಆಗ ನಿಮ್ಮ ಮಾಡೆಲ್ ನಂಬರ್ ಹೇಳಿ ಸ್ಟಿಕ್ಕರ್ ಬದಲಿಸಿ. ಮಾಡೆಲ್ ನಂಬರ್ ಬ್ಯಾಟರಿ ತೆಗೆದರೆ ಕೆಳಗಿನ ಚೀಟಿಯಲ್ಲಿ ಇರುತ್ತೆ. ಯಾವ ಸೆಟ್ ಅಂತ ಹಾಕಿದರೆ ಬಿಚ್ಚೋ ಸ್ಕ್ರೂ ಎಲ್ಲೆಲ್ಲಿದೆ ಅಂತಲೂ ಹೇಳ್ತೀನಿ.